ಎರಡು ರೂಪಾಯಿಯ ಆತಿಥ್ಯ

ಚಾಂದ್‌ಖೇಡಾದಲ್ಲಿ ವಾಸವಾಗಿರುವ ನಮ್ಮವರಿಗೆ ವಿಮಾನವೆಂಬುದು ಅಪರೂಪದ ವಸ್ತುವಲ್ಲ. ಸಾಬರಮತಿಯ ಆಚೆ ದಡದ ಹಾಂಸೋಲಿನಲ್ಲಿರುವ ಸರದಾರ್ ವಲ್ಲಭಭಾಯಿ ಪಟೇಲ್ ವಿಮಾನ ನಿಲ್ದಾಣದಿಂದ ಅದು ಏಳುವ ಸದ್ದು, ಬೆಳಗಿನ ಜಾವದಲ್ಲಿ ಹಿಟ್ಟು ರುಬ್ಬುವ ಯಂತ್ರದ ಸದ್ದಿನೊಡನೆ ಬೆರೆತು ನಮ್ಮ ಕಿವಿಗೆ ಬೀಳುತ್ತದೆ. ಆದರೆ ಆ ಸದ್ದನ್ನು ಕೇಳುವುದು ಬೇರೆ, ಅದರೊಳಗೆ ಕುಳಿತು ಊರಿಗೆ ಹೋಗುವುದು ಬೇರೆ. ಹತ್ತು ಹದಿನೈದು ವರ್ಷಗಳ ಹಿಂದೆ ಯಜಮಾನರಿಗಷ್ಟೇ ಸಾಧ್ಯವಾಗಿದ್ದ ಈ ಪ್ರಯಾಣ ಇಂದು ಗಲ್ಲಾದ ಮೇಲೆ ಕುಳಿತ ಗುಮಾಸ್ತನಿಗೂ, ಒಮ್ಮೊಮ್ಮೆ ಅಡಿಗೆಮನೆಯ ಹುಡುಗನಿಗೂ ದೊರೆಯುತ್ತಿದೆ. ಇದು ಸಂತೋಷದ ಸಂಗತಿ.

ಈ ಪ್ರಯಾಣದೊಡನೆ ಹೊಸತೊಂದು ಆಕರ್ಷಣೆಯೂ ನಮ್ಮವರಲ್ಲಿ ಹರಡಿದೆ. ಅದೇ ವಿಮಾನ ನಿಲ್ದಾಣದ ಲೌಂಜು. ಬ್ಯಾಂಕಿನ ಕಾರ್ಡನ್ನು ಬಾಗಿಲಲ್ಲಿ ತೋರಿಸಿದರೆ ಸಾಕು. ಮೆತ್ತನೆಯ ಆಸನ, ಬೇಕಾದಷ್ಟು ತಿಂಡಿ, ಕಾಫಿ, ಎಲ್ಲವೂ ಎರಡು ರೂಪಾಯಿಗೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುತ್ತಾರೆ. ಕೇಳಿದವನು ಮರುದಿನವೇ ಬ್ಯಾಂಕಿಗೆ ಹೋಗಿ ಆ ಕಾರ್ಡು ಬೇಕೆನ್ನುತ್ತಾನೆ. ಅನ್ನವನ್ನು ಬೇಯಿಸಿ, ಬಡಿಸಿ, ಅದರಿಂದಲೇ ಬದುಕಿದ ಜನ ನಾವು. ಎರಡು ರೂಪಾಯಿಗೆ ಹೊಟ್ಟೆತುಂಬ ತಿಂಡಿ ಕೊಡುವುದು ಲೋಕದಲ್ಲಿ ಯಾರಿಂದಲೂ ಆಗದ ಕೆಲಸವೆಂಬುದನ್ನು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಹಾಗಿದ್ದರೆ ಆ ಬಿಲ್ಲನ್ನು ತೆರುವವರು ಯಾರು? ಈ ಪ್ರಶ್ನೆ ನನ್ನ ಮನಸ್ಸಿನಲ್ಲಿ ಮೂಡಿದುದು ಒಂದು ಬೆಳಗಿನ ಜಾವದ ಅನುಭವದಿಂದ. ಆ ಅನುಭವದಲ್ಲಿ ನನ್ನ ತಪ್ಪೂ ಇದೆ. ಅದನ್ನು ಮರೆಮಾಚದೆ ವಾಚಕರ ಮುಂದಿಡುತ್ತೇನೆ.

ಒಂದು ಬೆಳಗಿನ ಜಾವ

ನಾನು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನನ್ನಲ್ಲಿ ಕೆಲಸಕ್ಕಿದ್ದ ಕುಂದಾಪುರದ ಕಡೆಯ ಹುಡುಗನೊಬ್ಬ ಈಗ ಇಲ್ಲಿಯೇ ಬೇರೊಂದು ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಾನೆ. ಅವನ ತಂದೆಗೆ ಹಠಾತ್ತನೆ ಕಾಯಿಲೆಯಾಗಿ ಊರಿನ ಆಸ್ಪತ್ರೆಗೆ ಸೇರಿಸಿರುವರೆಂದು ಸುದ್ದಿ ಬಂದಿತು. ರೈಲಿನಲ್ಲಿ ಹೋದರೆ ಒಂದೂವರೆ ದಿನ. ನನಗೂ ಊರಿನಲ್ಲಿ ಕೆಲಸವಿದ್ದುದರಿಂದ ಇಬ್ಬರಿಗೂ ಬೆಂಗಳೂರಿನ ಮೂಲಕ ವಿಮಾನದ ಟಿಕೇಟು ಮಾಡಿಸಿದೆ. ಅವನಿಗೆ ಅದು ಮೊದಲ ವಿಮಾನ ಪ್ರಯಾಣ.

ಬೆಳಿಗ್ಗೆ ನಾಲ್ಕೂವರೆಗೆ ತಪಾಸಣೆ ಮುಗಿಸಿ ಒಳಗೆ ಹೋದೆವು. ವಿಮಾನ ಹೊರಡಲು ಎರಡು ಗಂಟೆಯಿತ್ತು. ಹುಡುಗ ಹಿಂದಿನ ರಾತ್ರಿಯಿಂದ ಏನನ್ನೂ ತಿಂದಿರಲಿಲ್ಲ. ಅವನಿಗೊಂದು ಬಿಸಿ ತಿಂಡಿ ಕೊಡಿಸೋಣವೆಂದು ಲೌಂಜಿನ ಬಾಗಿಲಿಗೆ ಕರೆದೊಯ್ದೆ. ಅಲ್ಲಿ ಕಂಡದ್ದು ನಮ್ಮೂರ ರಥೋತ್ಸವದ ದಿನ ಭೋಜನಶಾಲೆಯ ಮುಂದಿರುವಂಥ ಸಾಲು. ಸೂಟು ತೊಟ್ಟವರು, ಮಕ್ಕಳನ್ನು ಹೆಗಲಿಗೇರಿಸಿದವರು, ಕಾಲೇಜಿನ ಹುಡುಗರು, ಎಲ್ಲರ ಕೈಯಲ್ಲಿಯೂ ಒಂದೊಂದು ಕಾರ್ಡು. ಅಷ್ಟುಹೊತ್ತು ನಿಂತ ಮೇಲೆ ಬಾಗಿಲಿನಾತ ಹೇಳಿದ: ಒಂದು ಕಾರ್ಡಿಗೆ ಒಬ್ಬರೇ. ಜೊತೆಯವರಿಗೆ ಪ್ರವೇಶ ಬೇಕಾದರೆ ಹಣ ಕೊಡಬೇಕು. ಅವನು ಹೇಳಿದ ಮೊತ್ತಕ್ಕೆ ನನ್ನ ಹಳೆಯ ಹೋಟೆಲಿನಲ್ಲಿ ಹತ್ತು ಜನ ಊಟ ಮಾಡಬಹುದಾಗಿತ್ತು.

ಹುಡುಗನೇ ಹಿಂಜರಿದ. “ನೀವು ಹೋಗಿ ಬನ್ನಿ ಯಜಮಾನ್ರೇ, ನಾನು ಇಲ್ಲೇ ಕೂತಿರ್ತೆ” ಎಂದ. ನಾನು ಒಲ್ಲೆನೆನ್ನಬೇಕಾಗಿತ್ತು. ಆದರೆ ಇಪ್ಪತ್ತೈದು ನಿಮಿಷ ಸಾಲಿನಲ್ಲಿ ನಿಂತಿದ್ದೆ. ಕಾರ್ಡನ್ನು ಉಜ್ಜಿಯೂ ಆಗಿತ್ತು. ಹತ್ತು ನಿಮಿಷದಲ್ಲಿ ಬರುತ್ತೇನೆಂದು ಹೇಳಿ ಒಳಗೆ ಹೋದೆ.

ಹೋಟೆಲಿನವನ ಕಣ್ಣು ಎಲ್ಲಿ ಹೋದರೂ ಮೊದಲು ಅಡಿಗೆಯನ್ನೇ ನೋಡುತ್ತದೆ. ಮುಚ್ಚಳದ ಪಾತ್ರೆಯಲ್ಲಿ ಇಡ್ಲಿಗಳಿದ್ದವು. ಇಡ್ಲಿಯನ್ನು ಬೇಯಿಸಿದ ಮೇಲೆ ಗಂಟೆಗಟ್ಟಲೆ ಬಿಸಿಯಲ್ಲಿಯೇ ಇಟ್ಟರೆ ಮೇಲೆ ಚರ್ಮದಂತಾಗಿ, ಕೆಳಗೆ ಆವಿಯ ನೀರು ಹೀರಿ ಜಿಗುಟಾಗುತ್ತದೆ. ಅಲ್ಲಿಯದು ಹಾಗೆಯೇ ಆಗಿತ್ತು. ಸಾಂಬಾರನ್ನು ಉರಿಯ ಮೇಲೆಯೇ ಬಿಟ್ಟರೆ ಬೇಳೆ ತಳಕ್ಕಿಳಿಯುತ್ತದೆ, ಮೇಲೆ ನೀರು ನಿಲ್ಲುತ್ತದೆ; ಮುಂದೆ ನಿಂತವನಿಗೆ ನೀರು, ಹಿಂದೆ ಬಂದವನಿಗೆ ಗಂಜಿ. ವಡೆಯನ್ನು ಮುರಿಯಲು ಎರಡು ಕೈ ಬೇಕಾಯಿತು. ಕಾಫಿ ಯಂತ್ರದ್ದು, ಹಾಲು ಪುಡಿಯದ್ದು. ಕೂರಲು ಸ್ಥಳವಿಲ್ಲದೆ ಕಂಬವೊಂದಕ್ಕೆ ಒರಗಿ ತಟ್ಟೆಯನ್ನು ಕೈಯಲ್ಲಿಯೇ ಹಿಡಿದು ತಿಂದೆ. ಹೋಟೆಲಿನ ಮಾಣಿಯಾಗಿದ್ದಾಗಲೂ ನಾನು ಹೀಗೆ ನಿಂತು ತಿಂದುದು ಕಡಿಮೆ.

ಮೇಜು ಒರೆಸುತ್ತಿದ್ದ ಹುಡುಗನೊಬ್ಬನ ಮಾತಿನ ಧಾಟಿ ಕೇಳಿ ಊರು ಯಾವುದೆಂದು ಕನ್ನಡದಲ್ಲಿ ಕೇಳಿದೆ. ಮುಖ ಅರಳಿತು. ಕಾರ್ಕಳದ ಹತ್ತಿರದವನಂತೆ. ರಾತ್ರಿ ಹತ್ತಕ್ಕೆ ಕೆಲಸಕ್ಕೆ ಬಂದವನು ಬೆಳಗಿನವರೆಗೆ ಒಮ್ಮೆಯೂ ಕುಳಿತಿರಲಿಲ್ಲ. “ಇಷ್ಟೊಂದು ಕುರ್ಚಿ ಇದೆಯಲ್ಲಪ್ಪ” ಎಂದೆ. “ಅದು ಗಿರಾಕಿಗಳಿಗೆ ಅಣ್ಣ, ನಮಗಲ್ಲ” ಎಂದು ನಗುತ್ತಲೇ ಹೇಳಿ ಮುಂದಿನ ಮೇಜಿಗೆ ಹೋದ.

ಹೊರಗೆ ಬಂದಾಗ ನಾನು ಒಳಹೊಕ್ಕು ಅರ್ಧ ಗಂಟೆಯಾಗಿತ್ತು. ಹುಡುಗ ಬಾಗಿಲಿನ ಪಕ್ಕದ ಗೋಡೆಗೆ ಒತ್ತಿ ನಿಂತಿದ್ದ. ಊರಿನಿಂದ ಫೋನು ಬಂದಿತ್ತು. ತಂದೆಗೆ ಕೂಡಲೇ ಶಸ್ತ್ರಚಿಕಿತ್ಸೆ ಮಾಡಬೇಕು, ಮುಂಗಡವಾಗಿ ಇಪ್ಪತ್ತು ಸಾವಿರ ಕಟ್ಟಬೇಕು ಎಂದಿದ್ದರು. ಹಣ ಬೇಕಾದರೆ ನಾನು ಫೋನಿನ ಮೂಲಕ ಕಳುಹಿಸುವೆನೆಂದು ಅವನಿಗೆ ಮೊದಲೇ ಮಾತು ಕೊಟ್ಟಿದ್ದೆ. ಅವನು ನನಗೆ ಮೂರು ಸಲ ಫೋನು ಮಾಡಿದ್ದಾನೆ. ತಪಾಸಣೆಯ ಹೊತ್ತಿಗೆ ಸದ್ದು ಆರಿಸಿದ್ದ ನನ್ನ ಫೋನು ಜೇಬಿನಲ್ಲಿ ಮೂಕವಾಗಿತ್ತು. ಬಾಗಿಲಿಗೆ ಬಂದು ತನ್ನ ಅರೆಬರೆ ಹಿಂದಿಯಲ್ಲಿ ಒಳಗೆ ನಮ್ಮವರಿದ್ದಾರೆ, ಕರೆಯಬೇಕು ಎಂದಿದ್ದಾನೆ. ಕಾರ್ಡೆಲ್ಲಿ ಎಂದು ಕೇಳಿದರಂತೆ. ಬಾಗಿಲಿನಾತನನ್ನು ನಾನು ದೂರಲಾರೆ. ಅವನೂ ಸಂಬಳದವನೇ, ಅವನ ಮುಂದೆ ಎಪ್ಪತ್ತು ಜನರ ಸಾಲಿತ್ತು. ಅಲ್ಲಿಯೇ ನಿಂತು ಹಣ ಕಳುಹಿಸಿದೆ. ದೇವರ ದಯೆಯಿಂದ ತಂದೆ ಉಳಿದರು. ಆದರೆ ಆ ಅರ್ಧ ಗಂಟೆ ಹುಡುಗ ಗೋಡೆಗೆ ಒತ್ತಿ ನಿಂತ ಚಿತ್ರ ನನ್ನ ಕಣ್ಣಿನಿಂದ ಹೋಗಿಲ್ಲ. ಆ ಹೊತ್ತಿನಲ್ಲಿ ನಾನು ರಬ್ಬರಿನಂಥ ವಡೆಯನ್ನು ಮುರಿಯುತ್ತಿದ್ದೆ.

ಆಹ್ವಾನಿತರ ಕೋಣೆಯಿಂದ ಎಲ್ಲರ ಛತ್ರಕ್ಕೆ

ಈ ಲೌಂಜು ಹುಟ್ಟಿದುದು ಎಲ್ಲರಿಗಾಗಿ ಅಲ್ಲ. 1939ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಕಂಪೆನಿಯು ನ್ಯೂಯಾರ್ಕಿನ ಲಾ ಗಾರ್ಡಿಯಾ ನಿಲ್ದಾಣದಲ್ಲಿ ‘ಅಡ್ಮಿರಲ್ಸ್ ಕ್ಲಬ್’ ಎಂಬ ಕೋಣೆಯನ್ನು ತೆರೆಯಿತು. ಅದಕ್ಕೆ ಟಿಕೇಟಿನಿಂದ ಪ್ರವೇಶವಿರಲಿಲ್ಲ. ಕಂಪೆನಿ ಆರಿಸಿ ಆಹ್ವಾನಿಸಿದ ಗಣ್ಯರಿಗೆ ಮಾತ್ರ. ಅನೇಕ ವರ್ಷಗಳ ಅನಂತರ ಹಣ ತೆತ್ತು ಸದಸ್ಯರಾಗುವ ಪದ್ಧತಿ ಬಂದಿತು. 1992ರಲ್ಲಿ ಬ್ರಿಟನ್ನಿನಲ್ಲಿ ‘ಪ್ರಯಾರಿಟಿ ಪಾಸ್’ ಆರಂಭವಾಯಿತು. ಯಾವ ಕಂಪೆನಿಯ ವಿಮಾನವಾದರೂ ಸರಿ, ಯಾವ ದರ್ಜೆಯ ಟಿಕೇಟಾದರೂ ಸರಿ, ಆ ಪಾಸಿದ್ದವನಿಗೆ ಅನೇಕ ನಿಲ್ದಾಣಗಳ ಲೌಂಜುಗಳು ತೆರೆದವು. ಕೋಣೆಯ ಬೀಗದ ಕೈ ವಿಮಾನ ಕಂಪೆನಿಯ ಕೈಯಿಂದ ಜಾರಿ ಹಣಕಾಸಿನವರ ಕೈ ಸೇರಿದುದು ಹೀಗೆ.

ನಮ್ಮ ದೇಶದಲ್ಲಿ ಈ ಕಥೆಗೆ ಇನ್ನೊಂದು ತಿರುವಿದೆ, ಅದರಲ್ಲಿ ನಮ್ಮ ಕನ್ನಡಿಗರ ಪಾತ್ರವೂ ಉಂಟು. 2003ರ ಆಗಸ್ಟಿನಲ್ಲಿ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥರು ‘ಏರ್ ಡೆಕ್ಕನ್’ ಎಂಬ ಅಗ್ಗದರದ ವಿಮಾನ ಸೇವೆಯನ್ನು ಬೆಂಗಳೂರಿನಿಂದ ಆರಂಭಿಸಿದರು. ಸಾಮಾನ್ಯನೂ ಹಾರಬೇಕೆಂಬುದು ಅವರ ಹಂಬಲವಾಗಿತ್ತು. ಒಂದು ರೂಪಾಯಿಯ ಟಿಕೇಟನ್ನೂ ಮಾರಿದರು. ದರವನ್ನು ಇಳಿಸಲು ಅವರು ಕಂಡುಕೊಂಡ ಉಪಾಯಗಳಲ್ಲಿ ಒಂದು, ವಿಮಾನದೊಳಗಣ ಪುಕ್ಕಟೆ ಊಟವನ್ನು ನಿಲ್ಲಿಸಿದುದು. ಬೇಕಾದವರು ಕೊಂಡು ತಿನ್ನಲಿ ಎಂದರು. 2006ರಲ್ಲಿ ಬಂದ ಇಂಡಿಗೋ ಮೊದಲಾದವರೂ ಅದೇ ಹಾದಿ ಹಿಡಿದರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆಕಾಶದಲ್ಲಿ ಎಲೆ ಎತ್ತಿದರೆಂದು ಪ್ರಯಾಣಿಕನ ಹಸಿವು ಹೋಗುವುದುಂಟೇ? ಬೆಳಗಿನ ಆರರ ವಿಮಾನಕ್ಕೆ ಮೂರಕ್ಕೆ ಎದ್ದು ಹೊರಟವನಿಗೆ ಎಲ್ಲಿಯಾದರೂ ಒಂದು ತುತ್ತು ಬೇಕು. ನಿಲ್ದಾಣದ ಅಂಗಡಿಗಳ ಬೆಲೆ ನೋಡಿದರೆ ಎದೆ ನಡುಗುತ್ತದೆ. ಆ ಹಸಿವನ್ನೂ ಆ ಬೆಲೆಯನ್ನೂ ನೋಡಿ ಬ್ಯಾಂಕುಗಳು ಮುಂದೆ ಬಂದವು. ನಮ್ಮ ಕಾರ್ಡು ಹಿಡಿಯಿರಿ, ಲೌಂಜಿನಲ್ಲಿ ಉಣ್ಣಿರಿ ಎಂದವು. ವಿಮಾನದೊಳಗಿನಿಂದ ಹೋದ ಊಟ ನೆಲದ ಮೇಲೆ ಮರಳಿ ಬಂದಿತು. ಬಡಿಸುವವರು ಮಾತ್ರ ಬದಲಾದರು.

ಅತ್ತ ಪ್ರಯಾಣಿಕರ ಸಂಖ್ಯೆ ಬೆಳೆದ ಪರಿಯನ್ನು ನೋಡಿರಿ. 2014ರಲ್ಲಿ ದೇಶದೊಳಗೆ ವಿಮಾನದಲ್ಲಿ ಸಂಚರಿಸಿದವರು ಸುಮಾರು 6 ಕೋಟಿ 73 ಲಕ್ಷ. 2024ರಲ್ಲಿ ಆ ಸಂಖ್ಯೆ 16 ಕೋಟಿ 13 ಲಕ್ಷ. ಹತ್ತು ವರ್ಷಗಳಲ್ಲಿ ಎರಡೂಕಾಲು ಪಟ್ಟಿಗೂ ಹೆಚ್ಚು. ಜನ ಹೆಚ್ಚಿದಂತೆ ಕಾರ್ಡುಗಳೂ ಹೆಚ್ಚಿದವು. ಆದರೆ ಕಟ್ಟಡದ ಗೋಡೆ ರಬ್ಬರಿನದಲ್ಲ. ಐವತ್ತು ಜನರ ಕೋಣೆಗೆ ಐನೂರು ಜನರಿಗೆ ಆಮಂತ್ರಣ ಕೊಟ್ಟರೆ ಏನಾಗುವುದೋ ಅದೇ ಆಗುತ್ತಿದೆ.

ಈ ಸಂಕಟ ನಮ್ಮ ದೇಶದ್ದು ಮಾತ್ರವೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಡೆಲ್ಟಾ ಕಂಪೆನಿಯು 2022ರಲ್ಲಿ, ವಿಮಾನ ಹೊರಡುವ ಮೂರು ಗಂಟೆಗೂ ಮೊದಲು ಯಾರೂ ತನ್ನ ಲೌಂಜಿಗೆ ಬರಬಾರದೆಂದು ನಿಯಮ ಮಾಡಿತು. 2023ರಲ್ಲಿ ಇನ್ನೂ ಕಠಿಣವಾದ ಮಿತಿಗಳನ್ನು ಪ್ರಕಟಿಸಿದಾಗ ಗಿರಾಕಿಗಳು ಎಷ್ಟು ಕೂಗಾಡಿದರೆಂದರೆ, ಕೆಲವೇ ವಾರಗಳಲ್ಲಿ ಕೆಲವನ್ನು ಸಡಿಲಿಸಬೇಕಾಯಿತು. ಒಮ್ಮೆ ಎಲೆ ಹಾಕಿ ಕೂರಿಸಿದವನನ್ನು ಏಳಿಸುವುದು ಎಷ್ಟು ಕಷ್ಟವೆಂಬುದು ಹೋಟೆಲಿನವರಿಗೆ ಗೊತ್ತು.

ಹಣ ಕೊಡುವವನೊಬ್ಬ, ಉಣ್ಣುವವನೊಬ್ಬ

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಾವು ಕಾರ್ಡನ್ನು ಉಜ್ಜಿದಾಗ ಕಳೆಯುವ ಎರಡು ರೂಪಾಯಿ ಊಟದ ಬೆಲೆಯಲ್ಲ. ಕಾರ್ಡು ಸಾಚಾ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ತೆಗೆಯುವ ಅಲ್ಪ ಮೊತ್ತ. ನಿಜವಾದ ಬೆಲೆಯನ್ನು ತಲೆಗೆ ಇಷ್ಟೆಂದು ಬ್ಯಾಂಕೋ ಕಾರ್ಡಿನ ಕಂಪೆನಿಯೋ ತೆರುತ್ತದೆ. ಲೌಂಜು ನಡೆಸುವವರಿಗೂ ಬ್ಯಾಂಕಿಗೂ ನಡುವೆ ಲೆಕ್ಕ ಹೊಂದಿಸುವ ಮಧ್ಯಸ್ಥ ಕಂಪೆನಿಗಳಿರುತ್ತವೆ. ಭಾರತದಲ್ಲಿ ಇಂಥವರಲ್ಲಿ ಬಹುಕಾಲ ಮುಂದಿದ್ದುದು ‘ಡ್ರೀಮ್‌ಫೋಕ್ಸ್’. 2022ರಲ್ಲಿ ಅದರ ಷೇರುಗಳು ಪೇಟೆಗೂ ಬಂದವು. 2024ರ ಸೆಪ್ಟೆಂಬರಿನಲ್ಲಿ ಅದರ ಮೂಲಕ ನಡೆಯುವ ಪ್ರವೇಶವು ಅನೇಕ ನಿಲ್ದಾಣಗಳಲ್ಲಿ ತಾತ್ಕಾಲಿಕವಾಗಿ ನಿಂತುಹೋಗಿ ಪ್ರಯಾಣಿಕರು ಬಾಗಿಲಿನಿಂದ ಹಿಂದಿರುಗಬೇಕಾಯಿತು. ಮುಂದೆ ಲೌಂಜು ನಡೆಸುವ ದೊಡ್ಡ ಸಂಸ್ಥೆಗಳು ಒಂದೊಂದಾಗಿ ಅದರೊಡನೆ ಕರಾರನ್ನು ಮುರಿದವು. 2025ರ ಸೆಪ್ಟೆಂಬರ್ 16ರಂದು ದೇಶದೊಳಗಣ ಲೌಂಜು ಸೇವೆಯನ್ನು ನಿಲ್ಲಿಸಿರುವುದಾಗಿ ಅದೇ ಪ್ರಕಟಿಸಿತು. ನಡುವಣವನು ಹೋದ ಮೇಲೆ ಬ್ಯಾಂಕುಗಳೂ ಲೌಂಜಿನವರೂ ನೇರವಾಗಿ, ಇಲ್ಲವೆ ಬೇರೆಯವರ ಮೂಲಕ ಲೆಕ್ಕ ನಡೆಸಬೇಕಾಯಿತು.

ಉಣ್ಣುವವನು ಹಣ ಕೊಡುವುದಿಲ್ಲ, ಹಣ ಕೊಡುವವನು ಉಣ್ಣುವುದಿಲ್ಲ. ಅಡಿಗೆ ಕೆಡುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ. ನಮ್ಮ ಹೋಟೆಲಿನಲ್ಲಿ ಸಾಂಬಾರು ಕೆಟ್ಟರೆ ಗಿರಾಕಿ ಗಲ್ಲಾದ ಮುಂದೆ ನಿಂತು ಮುಖಕ್ಕೆ ಹೇಳುತ್ತಾನೆ, ಇಲ್ಲವೆ ನಾಳೆ ಎದುರಿನ ಹೋಟೆಲಿಗೆ ಹೋಗುತ್ತಾನೆ. ಲೌಂಜಿಗೆ ಬಂದವನು ಯಾರಿಗೆ ಹೇಳಬೇಕು? ಎರಡು ರೂಪಾಯಿ ಕೊಟ್ಟು ತಕರಾರು ಮಾಡಲು ಅವನಿಗೇ ಸಂಕೋಚ. ಎದುರಿಗೆ ಬೇರೊಂದು ಲೌಂಜೂ ಇರುವುದಿಲ್ಲ. ತಲೆಗೆ ಇಷ್ಟೆಂದು ದರ ಗೊತ್ತಾದ ಮೇಲೆ, ಖರ್ಚನ್ನು ಎಷ್ಟು ಇಳಿಸಿದರೆ ಲಾಭ ಅಷ್ಟು. ಎಷ್ಟು ತಲೆ ಒಳಗೆ ಬಂದರೆ ಆದಾಯ ಅಷ್ಟು. ಇವೆರಡೂ ಸೇರಿದಲ್ಲಿ ಕಿಕ್ಕಿರಿದ ಕೋಣೆಯೂ ನೀರಾದ ಸಾಂಬಾರೂ ತಾವಾಗಿಯೇ ಬರುತ್ತವೆ.

ಇದನ್ನು ನಾನು ಊಹಿಸಿ ಬರೆಯುತ್ತಿಲ್ಲ. ನಾನೇ ಮಾಡಿ ಸುಟ್ಟುಕೊಂಡವನು. ಕೆಲವು ವರ್ಷಗಳ ಹಿಂದೆ ಒಬ್ಬ ಏಜೆಂಟನು ನನ್ನ ಹೋಟೆಲಿಗೆ ಬಂದು, ಸುತ್ತಲಿನ ಕಚೇರಿಗಳ ನೌಕರರಿಗೆ ಊಟದ ಕೂಪನು ಹಂಚುತ್ತೇವೆ, ತಿಂಗಳ ಕೊನೆಗೆ ಒಟ್ಟಾಗಿ ಹಣ ಕೊಡುತ್ತೇವೆ ಎಂದ. ತೊಂಬತ್ತು ರೂಪಾಯಿಯ ಊಟಕ್ಕೆ ಅರುವತ್ತು ರೂಪಾಯಿಯ ಕೂಪನು. ಜನ ಹೆಚ್ಚಾದರೆ ಸರಿದೂಗುವುದೆಂದು ನಾನೂ ಲೆಕ್ಕ ಹಾಕಿದೆ. ಮೊದಲ ತಿಂಗಳು ಗಲ್ಲಾದ ಮೇಲೆ ಕುಳಿತು ಜನಸಾಗರವನ್ನು ನೋಡಿ ಹಿಗ್ಗಿದೆ. ನಲವತ್ತೆಂಟು ಆಸನಗಳ ಹೋಟೆಲಿಗೆ ಮಧ್ಯಾಹ್ನ ಒಂದು ಗಂಟೆಗೆ ನೂರ ಮೂವತ್ತು ಜನ. ಎರಡನೆಯ ತಿಂಗಳು ಮೊಸರಿಗೆ ನೀರು ಬಿತ್ತು. ಮೂರನೆಯ ತಿಂಗಳು ತುಪ್ಪ ನಿಂತಿತು, ಪಲ್ಯ ಒಂದಕ್ಕಿಳಿಯಿತು. ಹತ್ತು ವರ್ಷಗಳಿಂದ ನಗದು ಕೊಟ್ಟು ಊಟ ಮಾಡುತ್ತಿದ್ದ ಹಳೆಯ ಗಿರಾಕಿಗಳು ಬಾಗಿಲಲ್ಲಿ ಸಾಲು ನೋಡಿ ಹಿಂದಿರುಗಿದರು. ಆಮೇಲೆ ಬರುವುದನ್ನೇ ಬಿಟ್ಟರು. ಅಡಿಗೆಯ ಭಟ್ಟರು ಒಂದು ದಿನ ಸೌಟು ಕೆಳಗಿಟ್ಟು, “ಸಾರಿಗೆ ಇನ್ನೆಷ್ಟು ನೀರು ಬೇಕಾದರೂ ಹಾಕುತ್ತೇನೆ ಯಜಮಾನರೇ, ಆದರೆ ಊರಿನಲ್ಲಿ ಯಾರಿಗೂ ಇದು ನನ್ನ ಕೈ ಅಡಿಗೆ ಎಂದು ಹೇಳಬೇಡಿ” ಎಂದರು. ಅದೇ ವೈಶಾಖದಲ್ಲಿ, ಈ ಊರಿನ ಉರಿಬಿಸಿಲಿನ ಮಧ್ಯಾಹ್ನ, ಬೆಳಗಿನಿಂದ ಕೂರಲು ಪುರುಸೊತ್ತಿಲ್ಲದ ಒಬ್ಬ ಸಪ್ಲಾಯರ್ ಹುಡುಗ ತಟ್ಟೆಗಳ ಸಮೇತ ಕುಸಿದು ಬಿದ್ದ. ಅಂದೇ ಕೂಪನು ನಿಲ್ಲಿಸಿದೆ. ಏಜೆಂಟನಿಂದ ಬರಬೇಕಾಗಿದ್ದ ಕೊನೆಯ ಎರಡು ತಿಂಗಳ ಹಣ ಇಂದಿಗೂ ಬಂದಿಲ್ಲ.

ಹಿರಿಯರು ಬಲ್ಲ ವಿದ್ಯೆ

ಸಂದಣಿಯನ್ನು ನಿಭಾಯಿಸುವ ವಿದ್ಯೆ ನಮ್ಮ ಹೋಟೆಲಿನ ಹಿರಿಯರಿಗೆ ಹೊಸದಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ ಅನ್ನು ನೆನೆಯಿರಿ. ಲಾಲ್‌ಬಾಗ್ ರಸ್ತೆಯ ಆ ಹೋಟೆಲಿನಲ್ಲಿ ರಜೆಯ ದಿನ ಎಷ್ಟೇ ಜನ ಬರಲಿ, ಕಾಯುವವರಿಗೆ ಬೇರೆ ಸ್ಥಳ, ಉಣ್ಣುವವರಿಗೆ ಬೇರೆ ಸ್ಥಳ. ಸರದಿ ಬಂದಾಗ ಕರೆಯುತ್ತಾರೆ. ಆಸನವೆಷ್ಟೋ ಎಲೆಯೂ ಅಷ್ಟೇ. ಅದೇ ಸಂಸ್ಥೆ 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ, ಸರಕಾರ ನಿಗದಿ ಮಾಡಿದ ಇಳಿದರದಲ್ಲಿ ತನ್ನ ಗುಣಮಟ್ಟವನ್ನು ಉಳಿಸಿಕೊಳ್ಳಲು ಸಾಧ್ಯವಿಲ್ಲವೆಂದು ಕಂಡಾಗ ಸಾಂಬಾರಿಗೆ ನೀರು ಹಾಕಲಿಲ್ಲ. ಹೋಟೆಲಿನ ಬಾಗಿಲನ್ನೇ ಹಾಕಿತು. ಸಿದ್ಧ ಹಿಟ್ಟು, ಪುಡಿಗಳ ವ್ಯಾಪಾರಕ್ಕೆ ತಿರುಗಿ, ವರ್ಷಗಳ ಅನಂತರ ಮತ್ತೆ ಬಾಗಿಲು ತೆರೆಯಿತು. ಮುಂಬಯಿಯ ಮಾಟುಂಗಾದಲ್ಲಿ 1942ರಲ್ಲಿ ರಾಮ ನಾಯಕರು ಸ್ಥಾಪಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಊಟ ಮಾಡಿದ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅಲ್ಲಿಯೂ ಕಾಯಬೇಕಾಗಿತ್ತು, ಆದರೆ ಕಾದವನು ಎಲೆಯ ಮುಂದೆ ಕುಳಿತ ಮೇಲೆ ಅವನನ್ನು ಅವಸರಪಡಿಸುವವರಿರಲಿಲ್ಲ.

ನಮ್ಮ ನೆರೆಯ ಮೊಟೇರಾವನ್ನೇ ನೋಡಿರಿ. ಅಲ್ಲಿಯ ಕ್ರೀಡಾಂಗಣದಲ್ಲಿ 1,32,000 ಜನರಿಗೆ ಆಸನ. 2023ರ ನವೆಂಬರ್ 19ರ ವಿಶ್ವಕಪ್ ಅಂತಿಮ ಪಂದ್ಯದಂಥ ದಿನಗಳಲ್ಲಿ ನಮ್ಮ ಹೋಟೆಲಿನವರು ಹಿಂದಿನ ರಾತ್ರಿಯೇ ಹಿಟ್ಟು ಹೆಚ್ಚಿಸಿ, ಪದಾರ್ಥಗಳ ಪಟ್ಟಿಯನ್ನು ಮೊಟಕುಗೊಳಿಸಿ, ಮೊದಲೇ ಚೀಟಿ ಮಾಡುತ್ತಾರೆ. ಸಂದಣಿ ಪಾಪವಲ್ಲ. ಸಂದಣಿ ಬರುವುದೆಂದು ತಿಳಿದೂ ಸಿದ್ಧತೆ ಮಾಡದಿರುವುದು ತಪ್ಪು. ತಾನೇ ಕರೆದು ತರಿಸಿ ಸಿದ್ಧತೆ ಮಾಡದಿರುವುದು ಇನ್ನೂ ದೊಡ್ಡ ತಪ್ಪು.

ಇದೇ ಸಾಬರಮತಿಯ ದಡದಲ್ಲಿ 1917ರಲ್ಲಿ ಆಶ್ರಮ ಕಟ್ಟಿ ನೆಲೆಸಿದ ಗಾಂಧೀಜಿಯವರು ಆ ವರ್ಷವೇ ರೈಲಿನ ಮೂರನೆಯ ದರ್ಜೆಯ ಬವಣೆಯನ್ನು ಕುರಿತು ಬರೆದರು. ಹಿಡಿಸಲಾರದಷ್ಟು ಜನರನ್ನು ತುಂಬುವುದು, ಕಾಯುವ ಸ್ಥಳದ ಕೊಳಕು, ನಿಲ್ದಾಣದ ತಿಂಡಿ ಚಹಾದ ಕೀಳುತನ ಇವೆಲ್ಲ ಅದರಲ್ಲಿವೆ. ಅಂದಿನ ಬವಣೆಗೂ ಇಂದಿನ ಲೌಂಜಿನ ಸಂಕಟಕ್ಕೂ ಅಜಗಜಾಂತರವೆಂಬುದನ್ನು ನಾನು ಬಲ್ಲೆ. ತಂಪಾದ ಕೋಣೆಯಲ್ಲಿ ಕುರ್ಚಿ ಸಿಗದವನು ಬಡವನಲ್ಲ. ಆದರೆ ಜನರನ್ನು ದರ್ಜೆಗಳಾಗಿ ವಿಂಗಡಿಸುವ ಬುದ್ಧಿ ಮಾತ್ರ ಹಾಗೆಯೇ ಉಳಿದಿದೆ. ರೈಲಿನ ಮೂರನೆಯ ದರ್ಜೆ 1974ರಲ್ಲಿ ಹೋಯಿತು. ಇಂದು ದರ್ಜೆ ಟಿಕೇಟಿನಲ್ಲಿಲ್ಲ, ಕಾರ್ಡಿನ ಬಣ್ಣದಲ್ಲಿದೆ.

ವಾಚಕರಿಗೆ ನಾಲ್ಕು ಮಾತು

ನಮ್ಮ ಗುಮಾಸ್ತ ಬಂಧುಗಳಿಗೆ ಮುಖ್ಯವಾಗಿ ಹೇಳಬೇಕಾದುದೊಂದಿದೆ. ಸಂದಣಿ ಹೆಚ್ಚಿದಂತೆ ಬ್ಯಾಂಕುಗಳು ಈಗ ಷರತ್ತು ಹಾಕತೊಡಗಿವೆ. 2023ರ ಡಿಸೆಂಬರಿನಿಂದ ಎಚ್‌ಡಿಎಫ್‌ಸಿ ಬ್ಯಾಂಕು ತನ್ನ ‘ರೆಗಾಲಿಯಾ’ ಕಾರ್ಡಿನವರು ಮೂರು ತಿಂಗಳಲ್ಲಿ ಒಂದು ಲಕ್ಷ ರೂಪಾಯಿ ಖರ್ಚು ಮಾಡಿದರೆ ಮಾತ್ರ ಲೌಂಜಿನ ಸೌಲಭ್ಯ ಎಂದಿತು. 2024ರ ಏಪ್ರಿಲಿನಿಂದ ಐಸಿಐಸಿಐ ಬ್ಯಾಂಕು ತನ್ನ ಹಲವು ಕಾರ್ಡುಗಳಿಗೆ ಹಿಂದಿನ ಮೂರು ತಿಂಗಳಲ್ಲಿ 35,000 ರೂಪಾಯಿ ಖರ್ಚಾಗಿರಬೇಕೆಂದಿತು. ಉಳಿದ ಬ್ಯಾಂಕುಗಳೂ ಇದೇ ದಾರಿಯಲ್ಲಿವೆ. ಮಿತಿಗಳು ಆಗಾಗ ಬದಲಾಗುತ್ತವೆ. ಆದುದರಿಂದ ಮನೆಯಿಂದ ಹೊರಡುವ ಮೊದಲೇ ನಿಮ್ಮ ಕಾರ್ಡಿಗೆ ಪ್ರವೇಶವಿದೆಯೇ, ಜೊತೆಯವರಿಗೆ ಇದೆಯೇ ಎಂಬುದನ್ನು ಬ್ಯಾಂಕಿನಿಂದ ಕೇಳಿ ತಿಳಿಯಿರಿ.

ಷರತ್ತನ್ನು ಪೂರೈಸುವುದಕ್ಕಾಗಿಯೇ ಬೇಡದ ವಸ್ತುಗಳನ್ನು ಕೊಳ್ಳುವವರನ್ನು ನಾನು ಕಂಡಿದ್ದೇನೆ. ಸಾಲದ ಕಾರ್ಡಿನ ಬಾಕಿಯನ್ನು ವಾಯಿದೆಯೊಳಗೆ ಪೂರ್ತಿ ಕಟ್ಟದಿದ್ದರೆ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿಯ ಆಸುಪಾಸಿನಲ್ಲಿ ಬಡ್ಡಿ ಬೀಳುವುದು ಸಾಮಾನ್ಯ. ವರ್ಷಕ್ಕೆ ಲೆಕ್ಕ ಹಾಕಿದರೆ ನಲವತ್ತಕ್ಕೂ ಮೇಲೆ. ನಮ್ಮೂರಿನ ಯಾವ ಸಾಹುಕಾರನೂ ಬಾಯಿಬಿಟ್ಟು ಕೇಳಲು ನಾಚುತ್ತಿದ್ದ ಬಡ್ಡಿ ಇದು. ಎರಡು ರೂಪಾಯಿಯ ಇಡ್ಲಿಗಾಗಿ ಇಪ್ಪತ್ತು ಸಾವಿರದ ಸಾಲವನ್ನು ಹೊತ್ತು ಸಂಬಳದ ದಿನ ಕಣ್ಣೀರಿಡುವುದು ಜಾಣತನವಲ್ಲ.

ನಿಲ್ದಾಣದಲ್ಲಿ ಹಸಿವಾದರೆ ಬೇರೆ ಉಪಾಯಗಳಿವೆ. ಮನೆಯ ಚಪಾತಿ, ಅವಲಕ್ಕಿ, ಚಕ್ಕುಲಿಯಂಥ ಒಣ ತಿಂಡಿಯನ್ನು ಕೈಚೀಲದಲ್ಲಿ ಒಯ್ಯುವುದಕ್ಕೆ ಅಡ್ಡಿಯಿಲ್ಲ. ಕುಡಿಯುವ ನೀರು ಪುಕ್ಕಟೆಯಾಗಿ ಸಿಗುತ್ತದೆ. 2024ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಕಲ್ಕತ್ತೆಯ ವಿಮಾನ ನಿಲ್ದಾಣದಲ್ಲಿ ‘ಉಡಾನ್ ಯಾತ್ರಿ ಕೆಫೆ’ ಎಂಬ ಅಗ್ಗದರದ ಉಪಾಹಾರ ಮಂದಿರವನ್ನು ತೆರೆಯಿತು. ಚಹಾಕ್ಕೆ 10 ರೂಪಾಯಿ, ಕಾಫಿಗೆ 20, ಸಮೋಸಾಕ್ಕೆ 20. 2025ರಲ್ಲಿ ಮದ್ರಾಸಿನಲ್ಲಿಯೂ ತೆರೆಯಿತು. ನನಗೆ ಅತ್ಯಂತ ಹಿಡಿಸಿದ ಮಾರ್ಗವಿದು. ಇಲ್ಲಿ ಯಾರ ದಾಕ್ಷಿಣ್ಯವೂ ಇಲ್ಲ, ಕಾರ್ಡಿನ ಬಣ್ಣವಿಲ್ಲ. ಹಣ ಕೊಟ್ಟವನೇ ಕುಡಿಯುತ್ತಾನೆ, ಕೆಟ್ಟರೆ ಕೇಳುತ್ತಾನೆ. ದೇಶದ ಪ್ರತಿಯೊಂದು ನಿಲ್ದಾಣದಲ್ಲಿಯೂ ಇಂಥದೊಂದು ಇದ್ದು, ಅದು ಪ್ರಯಾಣಿಕನ ಕಣ್ಣಿಗೆ ಬೀಳುವ ಜಾಗದಲ್ಲಿರುವುದಾದರೆ ಲೌಂಜಿನ ಬಾಗಿಲಿನ ಸಾಲು ಅರ್ಧಕ್ಕೆ ಇಳಿದೀತು.

ಲೌಂಜು ನಡೆಸುವವರಿಗೂ ಬ್ಯಾಂಕಿನವರಿಗೂ ಹೋಟೆಲಿನವನಾಗಿ ಒಂದು ವಿಜ್ಞಾಪನೆ. ಆಸನವನ್ನು ಎಣಿಸಿ ಕಾರ್ಡು ಕೊಡಿರಿ. ಒಳಗೆ ಸ್ಥಳವಿಲ್ಲದಾಗ ಬಾಗಿಲಲ್ಲಿ ಸರದಿಯ ಚೀಟಿ ಕೊಟ್ಟು, ಇಷ್ಟು ಹೊತ್ತಾಗುವುದೆಂದು ಹೇಳಿರಿ. ನಾಲ್ಕು ಬಗೆಯ ಹಳಸಲಿಗಿಂತ ಒಂದು ಬಗೆಯ ಬಿಸಿ ಉಪ್ಪಿಟ್ಟು ಮೇಲು. ಇಡ್ಲಿಯನ್ನು ಇಪ್ಪತ್ತು ನಿಮಿಷಕ್ಕೊಂದು ತಟ್ಟೆಯಂತೆ ಬೇಯಿಸಿದರೆ ಖರ್ಚು ಹೆಚ್ಚದು. ಬೇಯಿಸುವವನ ಮೇಲೆ ಗಮನ ಬೇಕು, ಅಷ್ಟೇ.

ಕೊನೆಯದಾಗಿ ಆ ಕಾರ್ಕಳದ ಹುಡುಗನ ಮಾತು. ಕುರ್ಚಿ ಗಿರಾಕಿಗಳಿಗೆ, ನಮಗಲ್ಲ ಎಂದನಲ್ಲ, ಅದು ಲೌಂಜಿನ ಕಥೆ ಮಾತ್ರವಲ್ಲ. ಜವಳಿ ಅಂಗಡಿಗಳ ಮಾರಾಟಗಾರ್ತಿಯರು ದಿನವಿಡೀ ನಿಂತೇ ಇರಬೇಕಾದ ಕಷ್ಟದ ವಿರುದ್ಧ ಹೋರಾಡಿದುದರ ಫಲವಾಗಿ 2018ರಲ್ಲಿ ಕೇರಳ ಸರಕಾರವು, ಕೆಲಸಗಾರರಿಗೆ ಕೂರುವ ಹಕ್ಕನ್ನು ಕಾನೂನಿನಲ್ಲಿ ಸೇರಿಸಿತು. 2021ರಲ್ಲಿ ತಮಿಳುನಾಡು ಅದನ್ನು ಅನುಸರಿಸಿತು. ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿರುವ ನಮ್ಮ ಹೋಟೆಲು ಯಜಮಾನರು ಕಾನೂನಿಗಾಗಿ ಕಾಯಬೇಕೇ? ಅಡಿಗೆಮನೆಯ ಮೂಲೆಯಲ್ಲಿ ಎರಡು ಸ್ಟೂಲು ಹಾಕಿಸಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ನನ್ನ ಹೋಟೆಲಿನಲ್ಲಿ ಹುಡುಗ ಕುಸಿದು ಬಿದ್ದ ಮೇಲೆ ನಾನು ಹಾಕಿಸಿದೆ. ಮೊದಲೇ ಹಾಕಿಸಬೇಕಾಗಿತ್ತು.

ದೋಸೆ ಹೊಯ್ಯುವ ನಮ್ಮ ಹುಡುಗ ತಂದೆ ಗುಣಮುಖರಾದ ಮೇಲೆ ಹಿಂದಿರುಗಿದ, ಈ ಸಲ ರೈಲಿನಲ್ಲಿ. ಬರುವಾಗ ತಾಯಿ ಕಟ್ಟಿಕೊಟ್ಟ ಹಲಸಿನ ಹಪ್ಪಳದ ಕಟ್ಟೊಂದನ್ನು ನನಗೆ ತಂದು ಕೊಟ್ಟ. ಆ ಬೆಳಗಿನ ಸಂಗತಿಯನ್ನು ಅವನು ಎತ್ತಲಿಲ್ಲ. ನಾನೇ ಎತ್ತಿ, ತಪ್ಪಾಯಿತಪ್ಪ ಎಂದೆ. “ಅದಕ್ಕೇನು ಯಜಮಾನ್ರೇ, ಒಳಗೆ ತಿಂಡಿ ಹ್ಯಾಗಿತ್ತು?” ಎಂದು ಕೇಳಿದ. ಇದ್ದುದನ್ನು ಇದ್ದಂತೆ ಹೇಳಿದೆ. “ಹಾಗಾದರೆ ನಾನು ಬಾರದ್ದೇ ಒಳ್ಳೇದಾಯ್ತು” ಎಂದು ನಕ್ಕ. ಮುಂದಿನ ಸಲ ಅವನೊಡನೆ ಪ್ರಯಾಣ ಒದಗಿದರೆ ಇಬ್ಬರೂ ಹೊರಗಿನ ಬೆಂಚಿನ ಮೇಲೆಯೇ ಕುಳಿತು ಮನೆಯ ಬುತ್ತಿಯನ್ನು ಬಿಚ್ಚುವುದೆಂದು ನಿಶ್ಚಯಿಸಿದ್ದೇನೆ. ಕಾರ್ಡು ಜೇಬಿನಲ್ಲಿರಲಿ.